ಮಾರ್ಬೆಲ್ ತಂಡಕ್ಕೆ ಕೋಚ್ ಯಾರು?

ಡಾಕ್ಟರ್ ಗಂಗಾಂಬಿಕಾ ಗದಗಿನ ಕಡೆಯವರು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಸ್ಕೆಟ್‌ಬಾಲ್ ಆಡಿದವರು. ಅಮೆರಿಕಕ್ಕೆ ಬಂದು, ಅರಿವಳಿಕೆ ಕೊಡುವ ಡಾಕ್ಟರಾಗಿ ದುಡಿದು, ನಿವೃತ್ತಿಯ ನಂತರವೂ ಫೋರ್ಟ್ ಮಿಲ್ ಎಂಬ ಊರಿನಲ್ಲೇ ಉಳಿದುಬಿಟ್ಟರು. ಯಾವುದೋ ಕಾಲದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಪಕ್ಕದೂರಿನ ಮಾರ್ಬೆಲ್ ಕಾಲೇಜಿನ ಜಿಮ್ಮಿಗೆ, ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಇವರನ್ನು ಕರೆದುಕೊಂಡು ಹೋದದ್ದೇ ನೆಪ, ಅಲ್ಲಿಂದ ಮುಂದೆ ಸೀಸನ್ ಟಿಕೆಟ್ ತಪ್ಪಿಸಿದವರಲ್ಲ.

"ನಿಂದು ಎರಡು ಸಂಸಾರ. ಒಂದು ಮನ್ಯಾಗ, ಒಂದು ಜಿಮ್ಮಿನ್ಯಾಗ," ಎಂದು ಗಂಡ ಕರಬಸಪ್ಪನವರು ಚೇಷ್ಟೆ ಮಾಡುತ್ತಿದ್ದರು.

೨೦೧೨ರ ಮಾರ್ಚಿನಲ್ಲಿ ಮಾರ್ಬೆಲ್‌ನ ಹೆಡ್ ಕೋಚ್ ಕೆಲಸ ಬಿಟ್ಟು ದೊಡ್ಡ ಯೂನಿವರ್ಸಿಟಿಯೊಂದಕ್ಕೆ ಹೊರಟುಹೋದಳು. ಆವತ್ತಿನಿಂದ ಅಭಿಮಾನಿಗಳಿಗೆ ನಿದ್ದೆಯಿಲ್ಲ. ಇಂಟರ್‌ನೆಟ್ಟಿನಲ್ಲಿ ಬೆಳಗ್ಗೆ ಒಂದು ಹೆಸರು, ಸಂಜೆ ಇನ್ನೊಂದು. ಹೊಸ ಕೋಚನ್ನು ಕಾಲೇಜಿನವರು ಗುಟ್ಟಾಗಿ ಕರೆಸುತ್ತಾರೆಂದು ಯಾರೋ ಒಬ್ಬ ಏರ್‌ಪೋರ್ಟಿಗೆ ಬರುವ ಖಾಸಗಿ ವಿಮಾನಗಳ ಮೇಲೇ ಕಣ್ಣಿಟ್ಟು ಕೂತಿದ್ದ.

ಆಟದ ದಿನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಮೈಸೂರಿನ ಶಂಕರ, ರಿಟೈರಾದ ಕೆಮಿಸ್ಟು, ಫೋನ್ ಮಾಡಿ ಉಸಿರು ಬಿಡದೆ ಹೇಳಿದರು: "ಡಾಕ್ಟ್ರೇ, ಪಕ್ಕಾ ನ್ಯೂಸು! ಒಹಾಯೋದಿಂದ ಫ್ಲೈಟ್ ಲ್ಯಾಂಡ್ ಆಗಿದೆ. ಅಲ್ಲಿನ ದೊಡ್ಡ ಕೋಚೇ ಬಂದಿರೋದು."

ಮಾರನೆಯ ದಿನ ನೋಡಿದರೆ ಆ ವಿಮಾನದಲ್ಲಿ ಬಂದಿದ್ದವನು ಸೋಫಾ ಕಂಪನಿಯೊಂದರ ಮಾಲೀಕ.

ಆ ಶನಿವಾರ ಅಭಿಮಾನಿಗಳೆಲ್ಲ ಪ್ಯಾನ್‌ಕೇಕ್ ಹೋಟೆಲಿನಲ್ಲಿ ಸೇರಿದಾಗಲೂ ಅದೇ ಚರ್ಚೆ. ಎಲ್ಲರ ಬಾಯಲ್ಲೂ ದೊಡ್ಡ ಹೆಸರುಗಳೇ. ಗಂಗಾಂಬಿಕಾ ಕಾಫಿ ಕೆಳಗಿಟ್ಟು, "ಡೆನೀಸ್ ಯಾಕಾಗಬಾರದು?" ಎಂದರು.

ಡೆನೀಸ್ ಆ ತಂಡದ ಅಸಿಸ್ಟೆಂಟ್ ಕೋಚ್. ಎಷ್ಟೋ ವರ್ಷದಿಂದ ಅಲ್ಲೇ ಇದ್ದವಳು. ಮೇಜಿನ ಸುತ್ತ ಇದ್ದವರು ನಕ್ಕರು. ಒಳ್ಳೆಯವಳೇ, ಆದರೆ ಅಸಿಸ್ಟೆಂಟ್ ಅಷ್ಟೇ ಅಂದರು. ಶಂಕರ ಕನ್ನಡದಲ್ಲಿ ಮೆಲ್ಲಗೆ, "ಅವಳನ್ನ ಕನ್ಸಿಡರ್ ಮಾಡಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿತ್ತು, ಬಿಡಿ," ಎಂದರು.

ಗಂಗಾಂಬಿಕಾ ಬಿಡಲಿಲ್ಲ. ಆಟ ಕೈತಪ್ಪುವಾಗ ಹುಡುಗಿಯರ ಕಣ್ಣು ಹೆಡ್ ಕೋಚಿನ ಕಡೆಗಲ್ಲ, ಡೆನೀಸ್ ಕಡೆಗೆ ಹೊರಳುವುದನ್ನು ಅವರು ವರ್ಷಗಟ್ಟಲೆ ನೋಡಿದ್ದರು. ಊರೆಲ್ಲ ಊಹೆ ಮಾಡುತ್ತಿದೆ, ಆ ಹೆಣ್ಣುಮಗಳನ್ನೇ ಯಾರೂ ಕೇಳಿಲ್ಲವಲ್ಲ ಎನ್ನಿಸಿತು. ಸೋಮವಾರ ಬೆಳಗ್ಗೆ ಕಾರು ತೆಗೆದುಕೊಂಡು ನೇರವಾಗಿ ಕಾಲೇಜಿನ ಜಿಮ್ಮಿಗೇ ಹೋದರು.

ಡೆನೀಸ್ ಒಬ್ಬಳೇ ಚೆಂಡುಗಳನ್ನು ಗಾಡಿಗೆ ತುಂಬುತ್ತಿದ್ದಳು.

"ನೀನು ಅಪ್ಲೈ ಮಾಡಿದ್ದೀಯಾ?" ಗಂಗಾಂಬಿಕಾ ಪೀಠಿಕೆಯಿಲ್ಲದೆ ಕೇಳಿದರು.

ಡೆನೀಸ್ ತಲೆಯಾಡಿಸಿದಳು. "ಇಲ್ಲ ಡಾಕ್ಟರ್. ಅವರಿಗೆ ಬೇಕಾಗಿರುವುದು ಹೆಸರಿದ್ದವರು. ಬೇಡ ಅನ್ನಿಸಿಕೊಂಡು ಮತ್ತೆ ಇದೇ ಹುಡುಗಿಯರ ಮುಂದೆ ನಿಲ್ಲಬೇಕಲ್ಲ."

"ನಮ್ಮ ವಿಭಾಗದ ಮುಖ್ಯಸ್ಥೆ ಆಗಬೇಕು ಅಂತ ನಾನು ಅರ್ಜಿ ಹಾಕಿದಾಗ ಬೇಡ ಅಂದರು. ಮತ್ತೆ ಹಾಕಿದೆ, ಮತ್ತೆ ಬೇಡ ಅಂದರು. ನನ್ನ ಇಂಗ್ಲಿಷ್ ಅವರಿಗೆ ಅರ್ಥ ಆಗೋದಿಲ್ಲವಂತೆ! ಮಾರನೇ ದಿನ ಅದೇ ಆಪರೇಷನ್ ಥಿಯೇಟರಿಗೆ ಹೋಗಿ ನಿಂತೆ. ಮೂರನೇ ಸಲ ಕೊಟ್ಟರು."

"ಮೂರನೇ ಸಲವೂ ಕೊಡದೇ ಇದ್ದಿದ್ದರೆ?"

"ನಾಲ್ಕನೇ ಸಲ ಹಾಕುತ್ತಿದ್ದೆ."

ಡೆನೀಸ್ ನಕ್ಕಳು, ಕೈಲಿದ್ದ ಚೆಂಡನ್ನು ಗಾಡಿಗೆ ಹಾಕಿದಳು. "ಸರಿ," ಎಂದಳು. "ಹಾಕುತ್ತೇನೆ."

ಅಷ್ಟಕ್ಕೇ ಗಂಗಾಂಬಿಕಾ ಸುಮ್ಮನಾಗಲಿಲ್ಲ. ಕಾಲೇಜಿನವರು ಸೀಸನ್ ಟಿಕೆಟ್ ಕೊಂಡವರ ಸಭೆ ಕರೆದಾಗ ಮೈಕ್ ಹಿಡಿದು, ಡೆನೀಸಳನ್ನು ಇಂಟರ್‌ವ್ಯೂಗೆ ಕರೆಯುತ್ತೀರೋ ಇಲ್ಲವೋ ಎಂದು ಕ್ರೀಡಾ ನಿರ್ದೇಶಕರನ್ನು ನೇರವಾಗಿ ಕೇಳಿದರು. ನಿರ್ದೇಶಕರು ಮಾತು ತೇಲಿಸಲು ನೋಡಿದರು. ಗಂಗಾಂಬಿಕಾ ಮೈಕ್ ಬಿಡಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಶಂಕರ.

ಕಾಲೇಜಿನವರು ಡೆನೀಸಳನ್ನು ಕರೆದರು, ಮಾತಾಡಿಸಿದರು, ಕೊನೆಗೆ ಬೇರೆ ಊರಿನ ಒಬ್ಬ ಹೆಸರಾಂತ ಕೋಚನ್ನೇ ಆರಿಸಿದರು. ಸುದ್ದಿ ಬಂದ ದಿನ ಗಂಗಾಂಬಿಕಾ ಊಟ ಸೇರದೆ ತಟ್ಟೆ ಸರಿಸಿದರು. ಸಂಜೆ ಡೆನೀಸಳದೇ ಫೋನ್ ಬಂತು. ದನಿಯಲ್ಲಿ ಅಳುಕಿರಲಿಲ್ಲ. "ಡಾಕ್ಟರ್, ಇನ್ನೂ ಎರಡು ಕಡೆ ಹಾಕಿದ್ದೇನೆ."

ಒಂದು ಕಡೆ ಆಗಲಿಲ್ಲ. ಇನ್ನೊಂದು, ವರ್ಜೀನಿಯಾದ ಒಂದು ಸಣ್ಣ ಕಾಲೇಜು, ಅವಳನ್ನು ಹೆಡ್ ಕೋಚ್ ಮಾಡಿತು. ಸೋತು ಸೋತು ಸುಣ್ಣವಾಗಿದ್ದ ತಂಡ ಅದು.

ಆ ಚಳಿಗಾಲ ಗಂಗಾಂಬಿಕಾ ವರ್ಜೀನಿಯಾದಲ್ಲೇ ಹರ್ನ್‌ಡನ್‌ನಲ್ಲಿದ್ದ ಮಗಳು ನಂದಿತಾಳ ಮನೆಗೆ ಹೋದರು. "ಅಮ್ಮಾ, ನನ್ನ ನೋಡೋಕೆ ಬಂದ್ಯೋ, ಮ್ಯಾಚ್ ನೋಡೋಕೋ?" ಎಂದು ಮಗಳು ಕೇಳಿದಳು.

"ಎರಡಕ್ಕೂ. ಶನಿವಾರ ನೀನಽ ಡ್ರೈವ್ ಮಾಡು," ಎಂದರು ಗಂಗಾಂಬಿಕಾ.

ಜಿಮ್ಮಿನಲ್ಲಿ ಬೆಂಚುಗಳು ಮುಕ್ಕಾಲು ಪಾಲು ಖಾಲಿ. ಅರ್ಧ ಆಟಕ್ಕೇ ಡೆನೀಸಳ ಹುಡುಗಿಯರು ಬಹಳ ಹಿಂದೆ ಬಿದ್ದಿದ್ದರು. ಟೈಮ್‌ಔಟ್ ತೆಗೆದುಕೊಂಡು ಡೆನೀಸ್ ಮಂಡಿಯೂರಿ ಕೂತಳು. ಅವಳು ದನಿ ಏರಿಸಲಿಲ್ಲ. ಹುಡುಗಿಯರು ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದರು. ಮತ್ತೆ ಆಟ ಶುರುವಾದಾಗ ಒಬ್ಬ ಕುಳ್ಳಗಿನ ಹುಡುಗಿ ಚೆಂಡು ಕಸಿದುಕೊಂಡು ಓಡಿದಳು.

ಗಂಗಾಂಬಿಕಾ ಎದ್ದು ನಿಂತು, ಇಡೀ ಜಿಮ್ಮು ತಿರುಗಿ ನೋಡುವ ಹಾಗೆ ಕೂಗಿದರು: "ಹಾಕವ್ವಾ, ಹಾಕು!"