ಎಡೆ ಇಟ್ಟ ಕೋಣೆಯ ಬಾಗಿಲು

ನನ್ನ ತಂಗಿ ತೀರಿಕೊಂಡಾಗ ಅವಳ ಮಗಳು ಇನ್ನೂ ಒಂದನೇ ಕ್ಲಾಸು. ಕಾಮಾಲೆ ಜಾಸ್ತಿಯಾಗಿ ಮೈಸೂರಿನ ಆಸ್ಪತ್ರೆಗೆ ಸೇರಿದವಳು ಹೆಣವಾಗಿ ಊರಿಗೆ ಬಂದಳು. ತೊಣ್ಣೂರಿನ ಪಕ್ಕದ ಗಂಡನ ಊರಲ್ಲಿ ಅವಳನ್ನು ಸುಟ್ಟು, ಶ್ರೀರಂಗಪಟ್ಟಣದ ಸಂಗಮದಲ್ಲಿ ಬೂದಿ ಬಿಟ್ಟು, ತಿಥಿ ಮುಗಿಸುವವರೆಗೂ ಮಗು ಪಾಂಡವಪುರದ ನಮ್ಮ ಮನೆಯಲ್ಲಿ ಟಿ.ವಿ. ನೋಡುತ್ತಿತ್ತು. ಅವಳಿಗೆ ಏನೂ ಹೇಳಬಾರದು ಎಂದು ತಂಗಿಯ ಅತ್ತೆ ಅಪ್ಪಣೆ ಮಾಡಿದ್ದರು.

"ಎಳೇ ಮಗ ಕಣವ್ವ, ತಡ್ಕಳಾಕಿಲ್ಲ. ಅವ್ವ ಆಸ್ಪತ್ರೇಲವ್ಳೆ ಅನ್ನಿ. ಬರ್ತಾ ಬರ್ತಾ ಮರ್ತ್‌ಬುಡ್ತದೆ."

ನಾನು ಜಗಳವಾಡಿದೆ. ತಾಯಿಯನ್ನು ಮರೆಯಲು ಅವಳೇನು ಕರುವೇ ಎಂದೂ ಕೇಳಿದೆ. ನನ್ನ ಬಾಯಿ ಮೊದಲೇ ಜೋರು, ಆ ಮನೆಯಲ್ಲಿ ಅದಕ್ಕೆ ಬೆಲೆಯಿಲ್ಲ. ತಂಗಿಯ ಗಂಡ ತಲೆ ತಗ್ಗಿಸಿಕೊಂಡು ಹಸುಗಳಿಗೆ ಹುಲ್ಲು ಹಾಕುತ್ತಲೇ ಇದ್ದ. ಕೊನೆಗೆ, "ಅಂಗಾದ್ರೆ ನೀನೇ ಏಳ್ಬುಡಕ್ಕ" ಎಂದ. ಇಷ್ಟು ಜೋರು ಬಾಯಿಯ ನಾನೂ ಏನೂ ಹೇಳದೆ ಮಗುವನ್ನು ಅವರ ಮನೆಗೆ ಬಿಟ್ಟು ಬಂದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಒಂದು ಸಾವನ್ನು ಮುಚ್ಚಲು ಎಷ್ಟು ಬೇಕಾಗುತ್ತದೆಂದು ಗಾದೆ ಕಟ್ಟಿದವರಿಗೂ ಗೊತ್ತಿರಲಿಲ್ಲ. ಫೋಟೊ ಟ್ರಂಕಿಗೆ ಹೋಯಿತು. ಅವ್ವನ ಜೊತೆ ಫೋನಿನಲ್ಲಿ ಮಾತಾಡಬೇಕು ಅಂದರೆ ಆಸ್ಪತ್ರೆಯಲ್ಲಿ ಫೋನು ಬಿಡುವುದಿಲ್ಲ ಎಂದರು. ಶಾಲೆಯಲ್ಲಿ ಯಾವನೋ ಹುಡುಗ "ನಿಮ್ಮವ್ವ ಸತ್ತೋಗವ್ಳೆ" ಎಂದಿದ್ದಕ್ಕೆ ಇವಳು ಅವನ ಕೈ ಕಚ್ಚಿ ಬಂದಳು. ಅಜ್ಜಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಸುಳ್ಳು ಬೊಗುಳ್ತಾನೆ ಬುಡು" ಎಂದರು. ಆಮೇಲೆ ಆ ಮುದುಕಿ ಹಿತ್ತಿಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತರು ಎಂದು ಪಕ್ಕದ ಮನೆಯವರು ನನಗೆ ಹೇಳಿದರು. ತಂಗಿಯ ಅತ್ತೆಯ ಮೇಲಿನ ನನ್ನ ಸಿಟ್ಟು ಅಂದು ಅರ್ಧ ಇಳಿಯಿತು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಣ್ಣಬೇಕು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಉಣ್ಣುತ್ತಿರುವವರ ಮೇಲೆ ದಡಕ್ಕನೆ ನುಗ್ಗಬಾರದು.

ನಾನು ಬೆಳಿಗ್ಗೆಯೇ ಹೋಗಿದ್ದೆ. ತಂಗಿಗೆಂದು ಹಸಿರು ಸೀರೆ ತಂದಿದ್ದರು. ಒಬ್ಬಟ್ಟು, ಕೆರೆ ಮೀನಿನ ಸಾರು, ಮುದ್ದೆ. ಅವಳ ಗಂಡ ಪಾಂಡವಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ಗೋಬಿ ಮಂಚೂರಿ ಕಟ್ಟಿಸಿಕೊಂಡು ಬಂದ. ಪೇಟೆಗೆ ಹೋದಾಗಲೆಲ್ಲ ಅವಳು ಅದನ್ನು ತಿನ್ನದೆ ಬಸ್ಸು ಹತ್ತುತ್ತಿರಲಿಲ್ಲ. ಬಾಳೆಲೆಯ ಮೇಲೆ ಕೆಂಪಗಿನ ಗೋಬಿ ನೋಡಿ ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಮಗು ಎಲ್ಲವನ್ನೂ ನೋಡುತ್ತಿತ್ತು. ಯಾರಿಗೆ ಇದೆಲ್ಲ ಎಂದು ಅಜ್ಜಿಯನ್ನು ಕೇಳಿತು. ಅಜ್ಜಿ ಒಬ್ಬಟ್ಟು ತಟ್ಟುತ್ತಾ, ತಲೆಯೆತ್ತದೆ, "ನಿಮ್ಮವ್ವಂಗೆ ಕಣವ್ವ. ಇವತ್ತು ಬಂದು ಉಣ್ತಾಳೆ" ಎಂದುಬಿಟ್ಟರು. ಇಷ್ಟು ದಿನ ಹೇಳಿದ್ದು ಸುಳ್ಳು. ಇದು ಮಾತ್ರ ಅವರ ಪಾಲಿಗೆ ಸುಳ್ಳಲ್ಲ, ಜೀವಮಾನವೆಲ್ಲ ನಂಬಿಕೊಂಡು ಬಂದ ಮಾತು. ಮಗುವಿನ ಕಿವಿಗೆ ಅದು ಹೇಗೆ ಬೀಳುತ್ತದೆಂದು ಅವರೂ ಯೋಚಿಸಲಿಲ್ಲ, ಅಲ್ಲೇ ಕೂತಿದ್ದ ನಾನೂ ಯೋಚಿಸಲಿಲ್ಲ. ಆಮೇಲೆ ನಾನು ತಲೆ ಬಾಚುತ್ತೀನಿ ಬಾ ಎಂದರೆ ಮಗು ಬರಲೇ ಇಲ್ಲ.

ಬಾಗಿಲು ಮುಚ್ಚಿ ಜಗುಲಿಯಲ್ಲಿ ಕೂತೆವು. ಮಗು ಎಲ್ಲೋ ಬೀದಿಯಲ್ಲಿ ಆಡುತ್ತಿರಬೇಕು ಅಂದುಕೊಂಡೆವು. ಹೊತ್ತಾದ ಮೇಲೆ ಅವಳಪ್ಪ ಬಾಗಿಲು ತಟ್ಟಿ ತೆಗೆದ.

ಅವಳು ಒಳಗಿದ್ದಳು. ರಾಗಿ ಮೂಟೆಗಳ ಹಿಂದೆ ಮೊದಲೇ ಅವಿತುಕೊಂಡಿದ್ದಳಂತೆ. ಈಗ ಎಡೆಯ ಮುಂದೆ, ಹಸಿರು ಸೀರೆಗೆ ಬೆನ್ನು ಕೊಟ್ಟು, ಕೂದಲು ಬಿಚ್ಚಿಕೊಂಡು ನೆಟ್ಟಗೆ ಕೂತಿದ್ದಳು. ಕೈಯಲ್ಲಿ ಬಾಚಣಿಗೆ, ಎರಡು ಕೆಂಪು ಟೇಪು. ಧೂಪದ ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅವ್ವ ಬರ್ನೇ ಇಲ್ಲ ಅಪ್ಪಾ" ಎಂದಳು. "ಜಡೆ ಆಕುವಾಗ ಅಲ್ಲಾಡ್ಬೇಡ ಅಂತಾಳಲ್ಲ, ನಾನು ಒಸಿನೂ ಅಲ್ಲಾಡ್ನಿಲ್ಲ."

ಅವಳಪ್ಪ ಒಳಗೆ ಹೋಗಿ ಅವಳ ಎದುರು ನೆಲಕ್ಕೆ ಕೂತ. ಅವಳ ಕೈಯಿಂದ ಬಾಚಣಿಗೆ ತೆಗೆದು ಕೆಳಗಿಟ್ಟ.

"ಅವ್ವ ಸತ್ತೋಗವ್ಳೆ ಕಣವ್ವ. ಆಸ್ಪತ್ರೇಲೇ. ಇನ್ನ ಬರಾಕಿಲ್ಲ."

ಅವಳು ಕಿರುಚಲಿಲ್ಲ. ಅಪ್ಪನ ಮುಖವನ್ನೇ ನೋಡಿದಳು. "ಅಂಗಾದ್ರೆ ನಾ ಅವ್ನ ಯಾಕ್ ಕಚ್ದೆ?" ಎಂದಳು. ಅದಾದ ಮೇಲೆಯೇ ಅತ್ತಿದ್ದು. ನಾವೆಲ್ಲರೂ ಅತ್ತೆವು, ತಿಥಿಯ ದಿನವೂ ಆ ಮನೆ ಹಾಗೆ ಅತ್ತಿರಲಿಲ್ಲ. ಸಂಜೆ ಅವಳು ಅಪ್ಪನಿಗೆ ಬೆನ್ನು ಕೊಟ್ಟು ಕೂತಳು. ಹಗ್ಗ ಹೊಸೆದು ಗೊತ್ತಿದ್ದ ಕೈಗೆ ಜಡೆ ಮಾತ್ರ ಬರಲಿಲ್ಲ, ಮತ್ತೆ ಮತ್ತೆ ಬಿಚ್ಚಿ ಹಾಕಿದ.

ಮರುವರ್ಷವೂ ಎಡೆಗೆ ಹೋಗಿದ್ದೆ. ತಂಗಿಯ ಫೋಟೊ ಟ್ರಂಕಿನಿಂದ ಆಚೆ ಬಂದಿತ್ತು. ಗೋಬಿಯನ್ನು ಮಗಳೇ ಬಡಿಸಿದಳು. ಬಾಗಿಲು ಮುಚ್ಚಿದ ಮೇಲೆ ನಮ್ಮ ಜೊತೆ ಜಗುಲಿಯಲ್ಲಿ ಕೂತಳು, ಅಪ್ಪ ಹಾಕಿದ ಸೊಟ್ಟ ಜಡೆಗಳನ್ನು ಮುಂದಕ್ಕೆ ಹಾಕಿಕೊಂಡು. ಹೊತ್ತಾಯಿತು ಎಂದು ಅಜ್ಜಿ ಏಳಹೋದರೆ, "ನಾ ತಟ್ತೀನಿ" ಎಂದು ಓಡಿದಳು.

ಮೆಲ್ಲಗೆ ತಟ್ಟಿದಳು. "ಅವ್ವಾ, ಉಂಡ್ಯಾ? ನಾವು ಒಳೀಕೆ ಬತ್ತಾ ಇದೀವಿ" ಎಂದಳು.

ಉತ್ತರಕ್ಕೆ ಕಾಯಲಿಲ್ಲ. ಚಿಲಕ ತೆಗೆದಳು.