ಉಣ್ಣಿ ಎಣ್ಣೆಯ ಫಲಾನುಭವಿ

ಮಂಗನ ಕಾಯಿಲೆ ಹರಡುವ ಉಣ್ಣಿ ಕಚ್ಚದಿರಲಿ ಅಂತ, ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಸಂಸೆ ಕಡೆಯ ಎಸ್ಟೇಟ್ ಕೂಲಿಯವರ ಲೈನುಮನೆಗಳಲ್ಲಿ ಹಂಚುವುದು ನನ್ನ ಕೆಲಸ. ಹಂಚಿದ ಮೇಲೆ ಒಂದು ದಿನ ವಿಚಾರಿಸಲು ಹೋದರೆ, ಮೇಸ್ತ್ರಿ ಶೀನಣ್ಣನ ನಾಯಿ ಟೈಗರ್ ಮಿರಮಿರ ಮಿಂಚುತ್ತಾ ಎದುರಿಗೆ ಬಂತು. ವಾಸನೆಗೇ ಗೊತ್ತಾಯಿತು, ನನ್ನದೇ ಎಣ್ಣೆ.

"ಎಂಥಾ ಎಣ್ಣೆ ಮಾರಾಯ್ರೆ! ಒಂದೇ ಒಂದು ಉಣ್ಣಿ ಇಲ್ಲ," ಅಂದ ಶೀನಣ್ಣ, ಕಾಡಿಂದ ತಂದ ಸೌದೆ ಹೊರೆ ಇಳಿಸಿ ಮೊಣಕಾಲು ಕೆರೆದುಕೊಳ್ಳುತ್ತಾ.

"ಮತ್ತೆ ನೀವು ಹಚ್ಚಿಕೊಳ್ಳಲಿಲ್ವಾ?"

"ಥೂ, ಆ ವಾಸನೆ ಯಾರಿಗೆ ಬೇಕು!"

ಈಗಲೇ ಬಿಸಿನೀರಲ್ಲಿ ಮೈ ತಿಕ್ಕಿ, ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಬಂದು, ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ ಅಂತ ಬೈದು ಬಂದೆ.

ಎಷ್ಟು ಜನ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ ಅಂತ ನಮ್ಮ ಡಾಕ್ಟರು ಕೇಳಿದರು.

"ಸದ್ಯಕ್ಕೆ ಟೈಗರ್ ಒಬ್ಬನೇ ಸಾರ್."