ಜೆನಿವಾಲ್ದೊನ ಚಡ್ಡಿಗೆ ಇಸ್ತ್ರಿ

ಕ್ಯಾಂಟೀನಿನಲ್ಲಿ ಚಹಾದ ಲೋಟ ಎತ್ತಿಕೊಳ್ಳುವ ಮೊದಲೂ ಜೆನಿವಾಲ್ದೊ ಒಮ್ಮೆ ಎಡ ಹೆಗಲ ಹಿಂದೆ, ಒಮ್ಮೆ ಬಲ ಹೆಗಲ ಹಿಂದೆ ತಿರುಗಿ ನೋಡುತ್ತಿದ್ದ. ಶುಕ್ರವಾರ ದೋಹಾದ ಅಬು ಹಮೂರಿನ ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಸಾಲು ನಿಂತಾಗಲೂ ಅಷ್ಟೇ. ನೋಡಿದವರು ಇವನ ಬೆನ್ನಿಗೆ ಪೊಲೀಸರು ಬಿದ್ದಿದ್ದಾರೆ ಎಂದುಕೊಳ್ಳಬೇಕು. ಯಾಕೆ ಹೀಗೆ ಎಂದು ಕೇಳಿದರೆ ತನ್ನ ಹರಕು ಇಂಗ್ಲಿಷಿಗೆ ಕೊಲ್ಲಿಯ ಅರಬಿ ಬೆರೆಸಿ ಹೇಳುತ್ತಿದ್ದ: "ಬಾಲ್ ಕಮ್, ದೆನ್ ಲುಕ್, ಖಲಾಸ್. ಫಸ್ಟ್ ಲುಕ್, ಮಾಫಿ ಪ್ರಾಬ್ಲಮ್." ಚೆಂಡು ಕಾಲಿಗೆ ಬಂದ ಮೇಲೆ ನೋಡಿದರೆ ಕತೆ ಮುಗಿಯಿತು, ಮೊದಲೇ ನೋಡಿಟ್ಟುಕೊಂಡರೆ ಚಿಂತೆಯಿಲ್ಲ ಎಂದರ್ಥ. ಹದಿನೆಂಟು ವರ್ಷ ಹತ್ತನೇ ನಂಬರಿನ ಅಂಗಿ ತೊಟ್ಟು, ಮುಂದಿನವರಿಗೆ ಗೋಲು ಹೊಡೆಯಲು ಚೆಂಡು ಒದಗಿಸಿಕೊಟ್ಟವನಿಗೆ ಆ ಚಟ ಮೈಗೆ ಹತ್ತಿತ್ತು.

ನಾನು ದೋಹಾದ ಎರಡನೇ ಡಿವಿಷನ್ನಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಕಿಟ್ ರೂಮಿನವನು. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್, ಹೆಸರು ವಿಲ್ಲಿ. ಆಟಗಾರರ ಬಟ್ಟೆ ಒಗೆಯುವುದು, ಬೂಟು ಒರೆಸುವುದು, ಪಂದ್ಯದ ದಿನ ಎಲ್ಲವನ್ನೂ ಅವರವರ ಜಾಗದಲ್ಲಿ ಜೋಡಿಸಿಡುವುದು ನನ್ನ ಕೆಲಸ. ಅಲ್ ಥುಮಾಮಾದ ನಮ್ಮ ಮೈದಾನದ ಮೇಲೆ ಐದು ನಿಮಿಷಕ್ಕೊಂದು ವಿಮಾನ ಹೋಗುತ್ತದೆ, ಅಲ್ಲಿ ಮಾತು ಮುಗಿಸುವುದೇ ಒಂದು ಸಾಹಸ. ಜೆನಿ ಬ್ರೆಜಿಲಿನಿಂದ ಬಂದ ಮೊದಲ ದಿನ ಸ್ನಾನದ ಮನೆಯಿಂದ "ತುಆಲ್ಯ! ತುಆಲ್ಯ!" ಎಂದು ಬೊಬ್ಬೆ ಹಾಕಿದ. ಕೋಚು, ಮ್ಯಾನೇಜರು ಕಂಗಾಲಾಗಿ ನಿಂತಿದ್ದರು. ನಾನು ಹೋಗಿ ಬಾಗಿಲ ಸಂದಿನಿಂದ ಒಂದು ತುವಾಲು ಕೊಟ್ಟೆ. ಆಮೇಲೆ ತುವಾಲು ಸುತ್ತಿಕೊಂಡು ಹೊರಗೆ ಬಂದವನೇ ನನ್ನನ್ನು ಒದ್ದೆ ಮೈಯಲ್ಲೇ ಅಪ್ಪಿಕೊಂಡ. ಬೀಗದ ಕೈ ತೋರಿಸಿ "ಶಾವಿ" ಎಂದ, ನಾನು "ಚಾವಿ" ಎಂದೆ. ಅವನು "ಮೇಜ" ಎಂದರೆ ನಾನು "ಮೇಜು", ಅವನು "ಜನೇಲ" ಎಂದರೆ ನಾನು "ಜನೇಲು". ಬ್ರೆಜಿಲಿನವರ ಮಾತೂ ಪೋರ್ಚುಗೀಸೇ; ಹಳೇ ಕಾಲದ ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಮಾತುಗಳು ಕತಾರಿನಲ್ಲಿ ನನ್ನ ಕೈ ಹಿಡಿದವು. ಇವನಿಗೆ ಭಾಷೆ ಬರುತ್ತದೆ ಎಂದು ಕೋಚು ಅವತ್ತೇ ನನ್ನನ್ನು ದುಭಾಷಿ ಮಾಡಿಬಿಟ್ಟರು. ನಾನೂ ಬಾಯಿ ಮುಚ್ಚಿಕೊಂಡು ಒಪ್ಪಿದೆ, ಹೊಗಳಿಕೆ ಯಾರಿಗೆ ಬೇಡ!

ತಂಡದ ಬಸ್ಸು ಓಡಿಸುವ ಉಳ್ಳಾಲದ ಹಮೀದಾಕನಿಗೆ ಮಾತ್ರ ನನ್ನ ಬಂಡವಾಳ ಗೊತ್ತಿತ್ತು. "ಎಂತ ಮಾರಾಯ ವಿಲ್ಲಿ, ಹತ್ತು ಶಬ್ದ ಹಿಡ್ಕೊಂಡು ನೀನು ದುಭಾಷಿ ಆದದ್ದಾ? ಒಂದು ದಿನ ಮರ್ಯಾದೆ ಹೋಗ್ತದೆ ನೋಡು" ಎಂದರು.

"ಹತ್ತಲ್ಲ ಹಮೀದಾಕ, ಹದಿನೈದು ಉಂಟು" ಎಂದೆ.

ಜೆನಿಗೆ ತನ್ನ ಆಟದ ಕತೆ ಹೇಳುವ ಒಂದು ವಿಚಿತ್ರ ಕ್ರಮವಿತ್ತು. ಎಷ್ಟು ಗೋಲು, ಯಾವ ಕಪ್ ಎಂಬುದೆಲ್ಲ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಯಾವ ಊರಿನ ಕ್ಲಬ್ಬಿನಲ್ಲಿ ಯಾರು ಬಟ್ಟೆ ಒಗೆಯುತ್ತಿದ್ದರು ಎಂಬುದರ ಮೇಲೆ ಅವನ ಲೆಕ್ಕ. ಹದಿನೆಂಟನೇ ವಯಸ್ಸಿನಲ್ಲಿ ಊರು ಬಿಟ್ಟು ಸೇರಿದ ಮೊದಲ ಕ್ಲಬ್ಬಿನಲ್ಲಿ ಕಿವಿ ಕೇಳದ ಒಬ್ಬ ಮುದುಕ. ಪೋರ್ಚುಗಲ್ಲಿನಲ್ಲಿ ಡೊನಾ ಅಲ್ಜಿರಾ ಎಂಬ ವಿಧವೆ, ಚಳಿಗೆ ಇವನ ಸಾಕ್ಸನ್ನು ಒಲೆಯ ಹತ್ತಿರ ಬಿಸಿ ಮಾಡಿ ಕೊಡುತ್ತಿದ್ದಳಂತೆ. ಜಪಾನಿನಲ್ಲಿ ಬೂಟು ಮೂಸಿ ನೋಡಿ ಸ್ವಚ್ಛವಾಯಿತೆಂದು ಹೇಳುತ್ತಿದ್ದ ಒಬ್ಬಾತ. ದೊಡ್ಡ ಆಟಗಾರರು ನನ್ನಂಥವರ ಮುಖ ನೋಡದೆ ಬುಟ್ಟಿಗೆ ಬಟ್ಟೆ ಎಸೆದು ಹೋಗುವುದನ್ನು ಬಹಳ ಕಂಡಿದ್ದೇನೆ. ಇವನ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ನಮ್ಮ ಕ್ಲಬ್ಬಿನದೇ ಕೊನೆ, ಈ ಸೀಸನ್ ಮುಗಿದರೆ ಆಟ ಬಿಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಅವನಿಗೊಂದೇ ಆಸೆ ಉಳಿದಿತ್ತು. ಮಗಳು ಲಾರಳಿಗೆ ಎಂಟು ವರ್ಷ. ಅವಳು ತಾಯಿಯ ಜೊತೆ ಊರಲ್ಲೇ ಬೆಳೆದವಳು, ಅಪ್ಪ ಆಡುವುದನ್ನು ಫೋನಿನಲ್ಲಿ ಬಿಟ್ಟರೆ ಎದುರಿಗೆ ಕಂಡವಳಲ್ಲ. ಏಪ್ರಿಲಿನ ಕೊನೆಯ ಪಂದ್ಯಕ್ಕೆ ಶಾಲೆಗೆ ರಜೆ ಹಾಕಿಸಿ ಇಬ್ಬರನ್ನೂ ಕರೆಸುವುದೆಂದು ನಿಶ್ಚಯವಾಗಿತ್ತು. ಟಿಕೆಟನ್ನು ಫೋನಿನಲ್ಲಿ ನನಗೆ ಮೂರು ಸಲ ತೋರಿಸಿದ್ದ.

ಜನವರಿಯಲ್ಲಿ ಒಂದು ಪಂದ್ಯದ ದಿನ ಮಧ್ಯಾಹ್ನ ಜೆನಿ ಕಿಟ್ ರೂಮಿಗೆ ಬಂದು ಬಾಗಿಲು ಹಾಕಿದ. ಚಡ್ಡಿಯ ಹಿಂಬದಿ ತೊಡೆಯ ಹತ್ತಿರ ತಟ್ಟಿ ತೋರಿಸಿ, ತುಟಿಗೆ ಬೆರಳಿಟ್ಟು, "ವಿಲ್ಲಿ, ಇಸ್ತಿರಮೆಂತು. ಸೀಕ್ರೆಟ್" ಎಂದು ಪಿಸುಗುಟ್ಟಿದ. ಚಡ್ಡಿ ಮುದುಡಿದೆ, ಇಸ್ತ್ರಿ ಬೇಕು ಎಂದು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಒಬ್ಬನಿಗೆ ಹಾಕಿಕೊಟ್ಟರೆ ಉಳಿದವರೂ ಸಾಲು ನಿಲ್ಲುತ್ತಾರೆ, ಅದಕ್ಕೇ ಗುಟ್ಟು ಎಂದುಕೊಂಡೆ. ಗೆರೆ ನಿಲ್ಲುವ ಹಾಗೆ ಇಸ್ತ್ರಿ ಹಾಕಿ ಕೊಟ್ಟೆ. ಜೆನಿ ಆ ಚಡ್ಡಿಯನ್ನು ನೋಡಿದ, ನನ್ನನ್ನು ನೋಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಷ್ಟರಲ್ಲಿ ಮೈದಾನಕ್ಕೆ ಕರೆ ಬಂತು, ಅದನ್ನೇ ಹಾಕಿಕೊಂಡು ಆಡಲು ಹೋದ.

ಹದಿನೈದನೇ ನಿಮಿಷಕ್ಕೆ ತೊಡೆ ಹಿಡಿದುಕೊಂಡು ಬಿದ್ದ. ಸ್ಟ್ರೆಚರಿನಲ್ಲಿ ಒಯ್ದರು. ಆಮೇಲೆ ತಿಳಿಯಿತು, 'ಇಸ್ತಿರಮೆಂತು' ಎಂದರೆ ಸ್ನಾಯು ಎಳೆದುಕೊಳ್ಳುವುದು. ನಮ್ಮ ಇಸ್ತ್ರಿಯೂ ಅದೇ ಬೇರಿನ ಮಾತಂತೆ. ಅವನಿಗೆ ಬೇಕಾಗಿದ್ದದ್ದು ತೊಡೆಗೆ ಬಿಗಿಯಾಗಿ ಸುತ್ತುವ ಪಟ್ಟಿ. ನೋವಿದೆ ಎಂದು ಗೊತ್ತಾದರೆ ಕೋಚು ಈ ವಯಸ್ಸಿನವನನ್ನು ಮತ್ತೆ ತಂಡಕ್ಕೆ ಸೇರಿಸಲಾರರು, ಮಗಳು ಬರುವ ಹೊತ್ತಿಗೆ ತಾನು ಹೊರಗಿರಬೇಕಾಗುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಟ್ಟಿದ್ದ. ಡಾಕ್ಟರು ಮೂರು ತಿಂಗಳು ಎಂದರು. ಏಪ್ರಿಲಿಗೆ ಉಳಿದಿದ್ದದ್ದೂ ಅಷ್ಟೇ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ನನಗೆ ಭಾಷೆ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಅವನು ಬೇರೆ ಯಾರಲ್ಲಾದರೂ ಕೇಳುತ್ತಿದ್ದನಲ್ಲ.

"ಹೋದದ್ದು ನಿನ್ನ ಮರ್ಯಾದೆ ಮಾತ್ರ. ಅವನ ಕಾಲು ಇನ್ನೂ ಉಂಟು. ಕೂತು ಅಳುವ ಬದಲು ಹೋಗಿ ಅವನಿಗೆ ಎಂತ ಬೇಕು ಕೇಳು" ಎಂದು ಹಮೀದಾಕ ಗದರಿದರು.

ಜೆನಿಗೆ ಬೇಕಾಗಿದ್ದದ್ದು ಚೆಂಡು ವಾಪಸು ಒದೆಯುವ ಒಬ್ಬ ಮನುಷ್ಯ. ಒಂದೂವರೆ ತಿಂಗಳು ಕಳೆದ ಮೇಲೆ, ಡಾಕ್ಟರು ಹೂಂ ಅಂದ ದಿನದಿಂದ, ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಮೈದಾನದಲ್ಲಿರುತ್ತಿದ್ದೆವು. ಐವತ್ತು ದಾಟಿದ ಈ ಹೊಟ್ಟೆಯವನು ಹುಲ್ಲಿನ ಮೇಲೆ ಏದುಸಿರು ಬಿಡುತ್ತ ಓಡುವುದು, ಅವನು "ಯಲ್ಲಾ ವಿಲ್ಲಿ! ಯಲ್ಲಾ ಬಟಾಟ!" ಎಂದು ಹುರಿದುಂಬಿಸುವುದು. ಬಟಾಟೆ ಎಂದರೆ ಏನೆಂದು ಇಬ್ಬರಿಗೂ ಗೊತ್ತಿದ್ದರಿಂದ ಅಲ್ಲಿ ಗೊಂದಲವೇನೂ ಆಗಲಿಲ್ಲ. ಮಾರ್ಚ್ ಮುಗಿಯುವಾಗ ಅವನು ಕುಂಟುವುದು ಬಿಟ್ಟಿದ್ದ, ನಾನು ನಾಲ್ಕು ಕಿಲೋ ಇಳಿದಿದ್ದೆ.

ಕೊನೆಯ ಪಂದ್ಯದಲ್ಲಿ ಕೋಚು ಅವನನ್ನು ಇಳಿಸಿದ್ದು ಇನ್ನು ಹನ್ನೆರಡೇ ನಿಮಿಷ ಇರುವಾಗ. ಲಾರ ಮೊದಲ ಸಾಲಿನಲ್ಲಿ ತಾಯಿಯ ಪಕ್ಕ ನಿಂತಿದ್ದಳು. ಮೂರು ಜನ ಮುತ್ತಿಕೊಂಡಿದ್ದಾಗ ಜೆನಿ ಚೆಂಡನ್ನು ಯಾರೂ ಇಲ್ಲದ ಜಾಗಕ್ಕೆ ತಳ್ಳಿದ. ಹಾಳಾಯಿತು ಎಂದುಕೊಳ್ಳುವಷ್ಟರಲ್ಲಿ ನಮ್ಮ ಹುಡುಗನೊಬ್ಬ ಅಲ್ಲಿಗೆ ಓಡಿ ಮುಟ್ಟಿ ಗೋಲು ಹೊಡೆದ. ಇಡೀ ತಂಡ ಅವನ ಮೇಲೆ ಬಿತ್ತು. ಲಾರ ಮಾತ್ರ ಆ ಕಡೆ ನೋಡದೆ, ನಡುಮೈದಾನದಲ್ಲಿ ಒಬ್ಬನೇ ನಿಂತಿದ್ದವನನ್ನು ತೋರಿಸಿ "ಪಪಾಯ್! ಪಪಾಯ್!" ಎಂದು ಕುಣಿಯುತ್ತಿದ್ದಳು. ನಾನು ನೀರಿನ ಬಾಟಲಿಗಳನ್ನು ಅಲ್ಲೇ ಬಿಟ್ಟು ಮುಖ ಒರೆಸಿಕೊಂಡೆ.

ಮಾರನೆಯ ಸಂಜೆ ಅವರ ವಿಮಾನ. ಹಾಗಾಗಿ ಪಂದ್ಯದ ನಂತರ ಕಿಟ್ ರೂಮಿನಲ್ಲಿ ಸಿಕ್ಕಿದ್ದೇ ನಮ್ಮ ಕೊನೆಯ ಭೇಟಿ. ಆಟ ಬಿಟ್ಟವರು ಬೂಟನ್ನು ನೆನಪಿಗೆಂದು ನನ್ನಲ್ಲಿ ಬಿಟ್ಟುಹೋಗುವುದುಂಟು, ಕಪಾಟಿನಲ್ಲಿ ಅಂಥ ಮೂರು ಜೊತೆ ಇದ್ದವು. ನಾಲ್ಕನೆಯದಕ್ಕೆ ನಾನು ಜಾಗ ಮಾಡಿಟ್ಟಿದ್ದೆ. ಅಂಗಿ, ಚಡ್ಡಿ, ಸಾಕ್ಸು ಬುಟ್ಟಿಗೆ ಹಾಕಿದ ಜೆನಿ ಬೂಟನ್ನು ಒರೆಸಲು ಕೊಟ್ಟು ಪಕ್ಕದಲ್ಲೇ ಕುಳಿತ. ಕಪಾಟು ತೋರಿಸಿದರೆ ತಲೆ ಅಲ್ಲಾಡಿಸಿದ.

"ನೊ, ವಿಲ್ಲಿ. ಟುಮಾರೊ ಮ್ಯಾಚ್ ಉಂಟು" ಎಂದ. ಎರಡು ವರ್ಷದಲ್ಲಿ ಅವನು ನಮ್ಮಿಂದ ಕಲಿತ ಒಂದೇ ಶಬ್ದ ಅದು. "ಮಾರ್ನಿಂಗ್. ಹೋಟೆಲ್ ಬೀಚ್. ಲಾರ ಗೋಲ್ ಕೀಪರ್."

ನಾನು ಬೂಟಿಗೆ ಅಂಟಿದ್ದ ಹುಲ್ಲನ್ನೆಲ್ಲ ತೆಗೆದೆ, ಹೊಸ ಲೇಸು ಪೋಣಿಸಿದೆ, ಪ್ರತಿ ಪಂದ್ಯದ ಹಿಂದಿನ ದಿನ ಮಾಡುವ ಹಾಗೆಯೇ ಚೀಲದಲ್ಲಿಟ್ಟು ಅವನ ಕೈಗೆ ಕೊಟ್ಟೆ.